ರೀಜೆನ್ಸಿ ಪ್ರೇಮಕಥೆಯೊಳಗೆ ಬೇಹುಗಾರಿಕೆ: ಕಾದಂಬರಿ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ರೀಜೆನ್ಸಿ ಕಾಲದ (1811ರಿಂದ 1820) ಇಂಗ್ಲೆಂಡಿನ ಮೇಲ್ವರ್ಗದ ಮನೆಗಳಲ್ಲಿ ಮದುವೆಯಾಗದ ಹುಡುಗಿ ಪರಗಂಡಸಿಗೆ ಕಾಗದ ಬರೆಯುವ ಹಾಗಿರಲಿಲ್ಲ. ನಿಶ್ಚಿತಾರ್ಥ ಆದಮೇಲೆ ಮಾತ್ರ ಬರೆಯಬಹುದಿತ್ತು. ಒಂದೇ ರಾತ್ರಿ ಒಬ್ಬನ ಜೊತೆಯೇ ಮೂರನೇ ಸಲ ನೃತ್ಯಕ್ಕೆ ನಿಂತರೆ ಬೆಳಗಾಗುವುದರೊಳಗೆ ಊರೆಲ್ಲ ಅದೇ ಮಾತು. ಹೊರಗೆ ಹೋದರೆ ಹಿರಿಯ ಹೆಂಗಸೊಬ್ಬಳು ಜೊತೆಗಿರಬೇಕು. ಹೀಗಿದ್ದಾಗ ಪ್ರೀತಿಸುವವರು ಏನು ಮಾಡಬೇಕು? ಕಾಗದ ಬಚ್ಚಿಡಬೇಕು, ಕೆಲಸದವಳ ಕೈಲಿ ಕಳಿಸಬೇಕು, ಎದುರಿಗೆ ಸಿಕ್ಕಾಗ ಗುರುತೇ ಇಲ್ಲದವರಂತೆ ಹವಾಮಾನದ ಮಾತಾಡಬೇಕು. ಬೇಹುಗಾರ ಮಾಡುವುದೂ ಇದನ್ನೇ ಅಲ್ವಾ?

ಈ ಬಗೆಯ ಕಾದಂಬರಿಯ ಜೀವಾಳ ಇಲ್ಲಿದೆ. ಹೆಚ್ಚಿನವರು ಒಂದು ಅಧ್ಯಾಯ ಪ್ರೇಮ, ಒಂದು ಅಧ್ಯಾಯ ಗೂಢಚಾರಿಕೆ ಎಂದು ಸರದಿ ಹಾಕಿ ಬರೆಯುತ್ತಾರೆ. ಓದುಗರು ತಮಗೆ ಬೇಡದ್ದನ್ನು ಹಾರಿಸಿ ಓದುತ್ತಾರೆ. ಹಾಗಾಗಬಾರದು ಎಂದರೆ ಒಂದೇ ಗುಟ್ಟು ಎರಡನ್ನೂ ನಡೆಸಬೇಕು. ಆ ಗುಟ್ಟು ಬಯಲಾದರೆ ದೇಶಕ್ಕೂ ಪೆಟ್ಟು, ಪ್ರೀತಿಗೂ ಪೆಟ್ಟು. ಅಂಥ ಗುಟ್ಟನ್ನು ಕಟ್ಟುವುದು ಹೇಗೆ ಎಂದು ಒಂದು ಕಥೆಯನ್ನೇ ಇಟ್ಟುಕೊಂಡು ನೋಡೋಣ.

ಮೊದಲ ಹೆಜ್ಜೆ: ಕಾಲದ ಕಿಟಕಿ ಆರಿಸಿ

ರಾಜ ಮೂರನೇ ಜಾರ್ಜ್‌ಗೆ ಬುದ್ಧಿ ಸ್ಥಿಮಿತ ತಪ್ಪಿದ್ದರಿಂದ 1811ರ ಫೆಬ್ರವರಿಯಲ್ಲಿ ಅವನ ಮಗ ರೀಜೆಂಟ್, ಅಂದರೆ ರಾಜನ ಪರವಾಗಿ ಆಳುವವನು ಆದ. 1820ರ ಜನವರಿಯಲ್ಲಿ ರಾಜ ತೀರಿಕೊಳ್ಳುವವರೆಗೂ ಇದು ನಡೆಯಿತು. ಆದರೆ ನೆಪೋಲಿಯನ್ ಜೊತೆಗಿನ ಯುದ್ಧ 1815ಕ್ಕೇ ಮುಗಿಯಿತು. ಹಾಗಾಗಿ ನಿಮಗೆ ಸಿಗುವುದು ನಾಲ್ಕೂವರೆ ವರ್ಷ ಅಷ್ಟೇ.

ಅದರೊಳಗೆ ನಾಲ್ಕು ಒಳ್ಳೆಯ ಜಾಗಗಳಿವೆ. 1812ರ ಸ್ಪೇನ್. 1814ರ ಮೊದಲರ್ಧದ ಲಂಡನ್. 1814ರ ಸೆಪ್ಟೆಂಬರಿನಿಂದ 1815ರ ಜೂನ್‌ವರೆಗೆ ವಿಯೆನ್ನಾ ಸಮ್ಮೇಳನ. ಕೊನೆಗೆ 1815ರ ಜೂನ್‌ನ ಬ್ರಸೆಲ್ಸ್. ಜೂನ್ 15ರ ರಾತ್ರಿ ರಿಚ್‌ಮಂಡ್ ಡಚೆಸ್ ಕೊಟ್ಟ ನೃತ್ಯಕೂಟದಿಂದ ಅಧಿಕಾರಿಗಳು ನೇರವಾಗಿ ಯುದ್ಧಕ್ಕೆ ಹೊರಟಿದ್ದು ಬ್ರಸೆಲ್ಸ್‌ನಲ್ಲೇ. ಮೂರು ದಿನಕ್ಕೆ ನೆಪೋಲಿಯನ್ ಕೊನೆಯದಾಗಿ ಸೋತ ವಾಟರ್ಲೂ ಯುದ್ಧ. ಈ ನೃತ್ಯಕೂಟವನ್ನು ಎಷ್ಟೋ ಜನ ಬರೆದುಬಿಟ್ಟಿದ್ದಾರೆ. ಮೊದಲ ಕಾದಂಬರಿಗೆ ಅದನ್ನು ಮುಟ್ಟಬೇಡಿ ಎಂಬುದು ನನ್ನ ಸಲಹೆ.

ನಾನು 1814ರ ಲಂಡನ್ ಆರಿಸುತ್ತೇನೆ. ಐದೇ ತಿಂಗಳಲ್ಲಿ ಏನೇನೆಲ್ಲ ಆಯಿತು ನೋಡಿ. ಫೆಬ್ರವರಿ ಮೊದಲ ವಾರ ಥೇಮ್ಸ್ ನದಿ ಹೆಪ್ಪುಗಟ್ಟಿ ಅದರ ಮೇಲೆ ಜಾತ್ರೆ ನಡೆಯಿತು. ಅದೇ ತಿಂಗಳ 21ಕ್ಕೆ ನೆಪೋಲಿಯನ್ ಸತ್ತ ಎಂಬ ಸುಳ್ಳು ಸುದ್ದಿ ಷೇರುಪೇಟೆಯನ್ನು ಕುಣಿಸಿತು. ಮಾರ್ಚ್ ಕೊನೆಗೆ ಪ್ಯಾರಿಸ್ ಬಿತ್ತು. ಏಪ್ರಿಲ್‌ನಲ್ಲಿ ನೆಪೋಲಿಯನ್ ಪಟ್ಟ ಬಿಟ್ಟ (ಮರುವರ್ಷ ಮತ್ತೆ ಬಂದದ್ದು ಬೇರೆ ಮಾತು). ಜೂನ್‌ನಲ್ಲಿ ರಷ್ಯಾದ ತ್ಸಾರ್ ಮತ್ತು ಪ್ರಷ್ಯಾದ ರಾಜ ಲಂಡನ್ನಿಗೇ ಬಂದಿಳಿದರು. ಕಥೆಗಾರರಿಗೆ ಇನ್ನೇನು ಬೇಕು?

ಎರಡನೇ ಹೆಜ್ಜೆ: ಆಗಿನ ಬೇಹುಗಾರಿಕೆ ಹೇಗಿತ್ತು ಎಂದು ತಿಳಿದುಕೊಳ್ಳಿ

ಇಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕು. ಆಗ ಇಂದಿನಂಥ ಗುಪ್ತಚರ ಸಂಸ್ಥೆ ಇರಲಿಲ್ಲ. ಬ್ರಿಟನ್ನಿನಲ್ಲಿ ಅದು ಹುಟ್ಟಿದ್ದು 1909ರಲ್ಲಿ. ಆಗ ಇದ್ದದ್ದು ಬೇರೆ ಬೇರೆ ಕಡೆ ಹಂಚಿಹೋದ ಸಣ್ಣ ಸಣ್ಣ ಕಚೇರಿಗಳು.

ಮೊದಲನೆಯದು ಅಂಚೆ ಇಲಾಖೆಯೊಳಗಿನ ಗುಪ್ತ ಕಚೇರಿ. ವಿದೇಶದಿಂದ ಬರುವ, ವಿದೇಶಕ್ಕೆ ಹೋಗುವ ಕಾಗದಗಳನ್ನು ಅಲ್ಲಿ ಬಿಚ್ಚಿ, ನಕಲು ಮಾಡಿ, ಮತ್ತೆ ಅರಗು ಹಾಕಿ ಕಳಿಸುತ್ತಿದ್ದರು. ಗುಪ್ತಲಿಪಿಯಲ್ಲಿದ್ದರೆ ಅದನ್ನು ಒಡೆಯಲು ಇನ್ನೊಂದು ಶಾಖೆ. ಆ ಕೆಲಸ ವಿಲ್ಲಿಸ್ ಎಂಬ ಒಂದೇ ಮನೆತನದಲ್ಲಿ ತಲೆತಲಾಂತರದಿಂದ ನಡೆದುಬಂದಿತ್ತು. ಎರಡನೆಯದು 1793ರಲ್ಲಿ ಶುರುವಾದ ವಿದೇಶಿಯರ ಕಚೇರಿ. ಫ್ರಾನ್ಸಿನಿಂದ ಓಡಿಬಂದವರ ಮೇಲೆ ಕಣ್ಣಿಡುವ ನೆಪದಲ್ಲಿ ಅದು ಬೇಹುಗಾರರ ಜಾಲವನ್ನೇ ನಡೆಸಿತು.

ಮೂರನೆಯದು ಕಳ್ಳಸಾಗಣೆಯವರು. ಇವರನ್ನು ಬಿಟ್ಟು ಕಥೆ ಕಟ್ಟಬೇಡಿ. ಯುದ್ಧದ ದೆಸೆಯಿಂದ ಇಂಗ್ಲೆಂಡಿನ ಡೋವರ್ ಮತ್ತು ಫ್ರಾನ್ಸಿನ ಕ್ಯಾಲೆ ನಡುವಿನ ಟಪಾಲು ಹಡಗು ನಿಂತುಹೋಗಿತ್ತು. ಆದರೂ ಡೀಲ್ ಊರಿನ ಗಟ್ಟಿಗರು ಉದ್ದನೆಯ ದೋಣಿಗಳಲ್ಲಿ ಹುಟ್ಟು ಹಾಕಿಕೊಂಡೇ ಇಂಗ್ಲಿಷ್ ಕಡಲ್ಗಾಲುವೆ ದಾಟುತ್ತಿದ್ದರು. ಹೋಗುವಾಗ ಚಿನ್ನದ ಗಿನಿ ನಾಣ್ಯ, ಬರುವಾಗ ಬ್ರಾಂಡಿ ಮತ್ತು ರೇಷ್ಮೆ. ಜೊತೆಗೆ ಪತ್ರಿಕೆ, ಕಾಗದ, ಕೆಲವೊಮ್ಮೆ ತಪ್ಪಿಸಿಕೊಂಡ ಕೈದಿಗಳು. ನೆಪೋಲಿಯನ್ ಈ ಇಂಗ್ಲಿಷ್ ಕಳ್ಳಸಾಗಣೆಯವರಿಗೆ ಮೊದಲು ಡಂಕರ್ಕ್‌ನಲ್ಲಿ, ಆಮೇಲೆ ಗ್ರಾವ್‌ಲೀನ್ ಬಂದರಿನಲ್ಲಿ ಜಾಗವನ್ನೇ ಕೊಟ್ಟಿದ್ದ. ಅವನಿಗೆ ಚಿನ್ನ ಬೇಕಿತ್ತು, ಸುದ್ದಿ ಬೇಕಿತ್ತು.

ನಾಲ್ಕನೆಯದು ಯುದ್ಧಭೂಮಿಯ ಕೆಲಸ. ಸ್ಪೇನಿನಲ್ಲಿ ಬ್ರಿಟಿಷ್ ಸೇನಾಪತಿ ವೆಲ್ಲಿಂಗ್ಟನ್‌ನ ಕೆಲವು ಅಧಿಕಾರಿಗಳು ಒಂಟಿಯಾಗಿ ಕುದುರೆ ಏರಿ ಶತ್ರುವಿನ ಹಿಂದೆ ಸುತ್ತಿ ನಕ್ಷೆ, ಲೆಕ್ಕ ತರುತ್ತಿದ್ದರು. ಅವರಲ್ಲಿ ಕಾಲ್ಕುಹೂನ್ ಗ್ರಾಂಟ್ ಹೆಸರಾದವನು. ಅವನು ಸಮವಸ್ತ್ರ ತೆಗೆಯುತ್ತಿರಲಿಲ್ಲ. ಸಮವಸ್ತ್ರದಲ್ಲಿ ಸಿಕ್ಕಿಬಿದ್ದರೆ ಯುದ್ಧಕೈದಿ, ಇಲ್ಲದಿದ್ದರೆ ಗೂಢಚಾರ. ಗೂಢಚಾರನಿಗೆ ಸಾವು. 1812ರ ಏಪ್ರಿಲ್‌ನಲ್ಲಿ ಗ್ರಾಂಟ್ ಫ್ರೆಂಚರ ಕೈಗೆ ಸಿಕ್ಕ. ಅವನ ಜೊತೆಗಿದ್ದ ಸ್ಪೇನಿನ ಮಾರ್ಗದರ್ಶಿ ಲಿಯೋನ್‌ನನ್ನು ಗುಂಡಿಟ್ಟು ಕೊಂದರು. ಗ್ರಾಂಟ್‌ಗೆ ಅಧಿಕಾರಿಯ ಮರ್ಯಾದೆ ಸಿಕ್ಕಿತು. ಅವನು ಪ್ಯಾರಿಸ್‌ವರೆಗೆ ಹೋಗಿ, ಅಲ್ಲಿಂದಲೂ ಸುದ್ದಿ ಕಳಿಸಿ, ಕೊನೆಗೆ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದ. ನಾಯಕನನ್ನು ರೂಪಿಸುವಾಗ ಲಿಯೋನ್‌ನನ್ನು ಮರೆಯಬೇಡಿ. ಕೋಟು ತೊಟ್ಟವನು ಉಳಿದ, ತೊಡದವನು ಸತ್ತ. ಆ ನೋವು ಎದೆಯಲ್ಲಿರುವ ಗಂಡಸು ನೃತ್ಯಕೂಟದಲ್ಲಿ ಬೇರೆಯವರಂತೆ ನಗುವುದಿಲ್ಲ.

ನಮ್ಮ ನಾಡಿಗೂ ಇಲ್ಲೊಂದು ನಿಜವಾದ ನಂಟಿದೆ. ವೆಲ್ಲಿಂಗ್ಟನ್ ಅಂದರೆ ಆರ್ಥರ್ ವೆಲ್ಲೆಸ್ಲಿ, 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದ ಆಡಳಿತ ನೋಡಿಕೊಂಡವನು. 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿದವನೂ ಅವನೇ. ಹರಿಕಾರರು ತರುವ ಸುದ್ದಿಯ ಬೆಲೆ ಏನು, ಅದನ್ನು ಎಷ್ಟು ನಂಬಬೇಕು ಎಂದು ಇಲ್ಲೇ ಕಲಿತ. ಅವನ ಪ್ರೇಮಕಥೆಯೂ ವಿಚಿತ್ರವಾದದ್ದೇ. ಕೈಯಲ್ಲಿ ಕಾಸಿಲ್ಲ ಎಂದು ಕಿಟಿ ಪೇಕನ್ಹ್ಯಾಮ್ ಮನೆಯವರು ಸಂಬಂಧ ಬೇಡ ಅಂದಿದ್ದರು. ಇಂಡಿಯಾದಲ್ಲಿ ದುಡ್ಡು, ಹೆಸರು ಮಾಡಿಕೊಂಡು ಹಿಂತಿರುಗಿ 1806ರಲ್ಲಿ ಅವಳನ್ನೇ ಮದುವೆಯಾದ. ಆ ಮದುವೆಯಲ್ಲಿ ಸುಖ ಇರಲಿಲ್ಲ. ನಿಮ್ಮ ಕಥೆಯ ಹಿರಿಯ ಸೇನಾಧಿಕಾರಿಯೊಬ್ಬ ಮೈಸೂರು ಯುದ್ಧ ನೋಡಿ ಬಂದವನಾಗಿದ್ದರೆ ಅದು ಸಹಜವೇ.

ಮೂರನೇ ಹೆಜ್ಜೆ: ಒಂದೇ ಗುಟ್ಟು, ಎರಡು ಅಲಗು

ಈಗ ಕಥೆ ಕಟ್ಟೋಣ. ನಾಯಕಿಯ ಅಪ್ಪ ಗುಪ್ತ ಕಚೇರಿಯ ಗುಮಾಸ್ತ. ಕಣ್ಣು ಮಂಜಾಗುತ್ತಿದೆ. ಕೆಲಸ ಹೋದರೆ ಮನೆ ನಡೆಯುವುದಿಲ್ಲ, ಅದಕ್ಕೆ ಕಾಗದಗಳನ್ನು ಕದ್ದು ಮನೆಗೆ ತರುತ್ತಾನೆ. ಮಗಳು ಓದಿ ಹೇಳುತ್ತಾಳೆ, ನಕಲು ಮಾಡುತ್ತಾಳೆ. ಇದು ಹೊರಗೆ ಯಾರಿಗೂ ಗೊತ್ತಿಲ್ಲ.

ನಾಯಕ ಸೇನಾಧಿಕಾರಿ. ಸ್ಪೇನಿನಲ್ಲಿ ಸಿಕ್ಕಿಬಿದ್ದು, ಪ್ಯಾರಿಸ್‌ನಲ್ಲಿ ತಿಂಗಳುಗಟ್ಟಲೆ ಇದ್ದು ಪಾರಾಗಿ ಬಂದವನು. ಅಷ್ಟು ದಿನ ಅಲ್ಲಿ ಹೇಗಿದ್ದ? ಯಾರು ಬಚ್ಚಿಟ್ಟರು? ಫ್ರೆಂಚರಿಗೆ ಮಾರಿಹೋಗಿದ್ದಾನೆಯೇ ಎಂದು ಕಚೇರಿಗೆ ಅನುಮಾನ. ಅವನಿಂದ ಪ್ಯಾರಿಸ್‌ನ ಒಬ್ಬ ವಿಧವೆಗೆ ಡೀಲ್ ದೋಣಿಗಳ ಮೂಲಕ ಕಾಗದ ಹೋಗುತ್ತಿವೆ. ಸಿಕ್ಕಿದ ಆ ಕಾಗದಗಳನ್ನು ಓದುತ್ತಿರುವವಳು ನಾಯಕಿ.

ಅಂದರೆ ಮುಖ ನೋಡುವ ಮುಂಚೆಯೇ ಅವಳಿಗೆ ಅವನ ಮನಸ್ಸು ಗೊತ್ತು. ಲಿಯೋನ್‌ನಂಥ ಒಬ್ಬ ಜೊತೆಗಾರನಿಗಾಗಿ ಅವನು ಅತ್ತಿದ್ದು ಗೊತ್ತು. ನೃತ್ಯಕೂಟದಲ್ಲಿ ಅವನು ತನ್ನ ಬಗ್ಗೆ ಏನಾದರೂ ಹೇಳಿದಾಗ ಅದು ಹೊಸದು ಎಂಬಂತೆ ಅವಳು ಮುಖ ಮಾಡಬೇಕು. ಅವಳು ನಿಜ ಹೇಳಿದರೆ ಅಪ್ಪ ಜೈಲಿಗೆ, ಕಚೇರಿಯ ಗುಟ್ಟು ಬೀದಿಗೆ, ಜೊತೆಗೆ ಅವನ ಮನಸ್ಸೂ ಮುರಿಯುತ್ತದೆ. ಹೇಳದಿದ್ದರೆ ಪ್ರೀತಿಯ ಬುಡವೇ ಸುಳ್ಳು.

ನಿಮ್ಮ ಕಥೆಯನ್ನೂ ಹೀಗೆ ಪರೀಕ್ಷಿಸಿ. ಬೇಹುಗಾರಿಕೆಯನ್ನು ತೆಗೆದುಹಾಕಿದರೆ ಪ್ರೇಮಕಥೆ ಹಾಗೇ ನಿಲ್ಲುತ್ತದೆಯೇ? ನಿಂತರೆ ಗಂಟು ಸಡಿಲವಾಗಿದೆ ಎಂದರ್ಥ. ಅಲ್ಲಿಂದಲೇ ಮತ್ತೆ ಶುರುಮಾಡಿ.

ನಾಲ್ಕನೇ ಹೆಜ್ಜೆ: ಸಮಾಜದ ಕಟ್ಟಳೆಗಳನ್ನು ಕಥೆಗೆ ದುಡಿಸಿ

ನಿಯಮಗಳನ್ನು ವಿವರಣೆಯಾಗಿ ಸುರಿಯಬೇಡಿ. ಪ್ರತಿ ನಿಯಮವೂ ಒಂದು ಅಡ್ಡಿಯಾಗಲಿ, ಇಲ್ಲವೇ ಒಂದು ದಾರಿಯಾಗಲಿ.

ಕಾಗದದ ಖರ್ಚು ನೋಡಿ. ಆಗ ಅಂಚೆಯ ಹಣವನ್ನು ಸಾಮಾನ್ಯವಾಗಿ ಕಾಗದ ಪಡೆಯುವವರೇ ಕೊಡುತ್ತಿದ್ದರು. ದೂರ ಮತ್ತು ಹಾಳೆಗಳ ಲೆಕ್ಕದಲ್ಲಿ ದರ. ಲಕೋಟೆ ಬಳಸುತ್ತಿರಲಿಲ್ಲ, ಅದನ್ನೂ ಒಂದು ಹಾಳೆ ಎಂದು ಎಣಿಸುತ್ತಿದ್ದರು. ಹಾಳೆಯನ್ನೇ ಮಡಚಿ ಅರಗಿನಿಂದ ಮುಚ್ಚುತ್ತಿದ್ದರು. ಜಾಗ ಸಾಲದೆ ಬರೆದ ಸಾಲುಗಳ ಮೇಲೆ ಅಡ್ಡಲಾಗಿ ಇನ್ನೊಂದು ಸುತ್ತು ಬರೆಯುವುದೂ ಇತ್ತು. ಮನೆಗೆ ಬರುವ ಪ್ರತಿ ಕಾಗದಕ್ಕೂ ಯಾರೋ ದುಡ್ಡು ಕೊಡಬೇಕು ಎಂದಮೇಲೆ ಗುಟ್ಟಾಗಿ ಕಾಗದ ತರಿಸಿಕೊಳ್ಳುವುದು ಎಷ್ಟು ಕಷ್ಟ ಯೋಚಿಸಿ! ಪಾರ್ಲಿಮೆಂಟ್ ಸದಸ್ಯರ ಸಹಿ ಇದ್ದರೆ ಮಾತ್ರ ಪುಕ್ಕಟೆ. ಆ ಸಹಿಗಾಗಿ ನಾಯಕಿ ತನಗೆ ಇಷ್ಟವಿಲ್ಲದ ಸದಸ್ಯನೊಬ್ಬನ ಜೊತೆ ನಗುನಗುತ್ತಾ ಮಾತಾಡಬೇಕಾಗಿ ಬಂದರೆ ಅದೇ ಒಂದು ದೃಶ್ಯ.

ಬಟ್ಟೆಯೂ ಹಾಗೆಯೇ. ಎದೆಯ ಕೆಳಗೇ ಕಟ್ಟುವ, ತೆಳ್ಳಗಿನ ಮಸ್ಲಿನ್ ಉಡುಪಿನಲ್ಲಿ ಜೇಬಿಗೆ ಜಾಗವಿಲ್ಲ. ಸಾಮಾನೆಲ್ಲ ಕೈಯಲ್ಲಿ ಹಿಡಿಯುವ ಪುಟ್ಟ ಚೀಲದಲ್ಲಿ. ಕದ್ದ ಕಾಗದವನ್ನು ಎಲ್ಲಿಡುತ್ತಾಳೆ?

ಆಲ್ಮ್ಯಾಕ್ಸ್ ಎಂಬ ನೃತ್ಯಭವನ ನಿಮಗೆ ಖಂಡಿತ ಬೇಕಾಗುತ್ತದೆ. ಬುಧವಾರ ರಾತ್ರಿಯ ಕೂಟ. ಕೆಲವೇ ಪ್ರತಿಷ್ಠಿತ ಹೆಂಗಸರು ಯಾರು ಒಳಗೆ ಬರಬಹುದು ಎಂದು ತೀರ್ಮಾನಿಸುತ್ತಿದ್ದರು. ಗುಮಾಸ್ತನ ಮಗಳಿಗೆ ಅಲ್ಲಿ ಪ್ರವೇಶವೇ ಇಲ್ಲ. ಹಾಗಾದರೆ ಅವಳು ಒಳಗೆ ಹೋಗುವುದು ಹೇಗೆ? ದುಡ್ಡಿರುವ ದೊಡ್ಡಮ್ಮನೊಬ್ಬಳ ಜೊತೆಗಾತಿಯಾಗಿಯೋ, ಕಚೇರಿಯೇ ಹೂಡಿದ ಆಟವಾಗಿಯೋ? ಆ ಹೆಂಗಸರ ಸಾಲಿಗೆ ಸೇರಿದವಳು ರಷ್ಯಾ ರಾಯಭಾರಿಯ ಹೆಂಡತಿ ದೊರೊಥಿಯಾ ಲೀವನ್. 1812ರ ಕೊನೆಗೆ ಲಂಡನ್ನಿಗೆ ಬಂದವಳು, ರಾಜಕೀಯ ಸುದ್ದಿ ಹೆಕ್ಕುವುದರಲ್ಲಿ ಗಂಡನಿಗಿಂತ ಚುರುಕು. ಅವಳ ಅಣ್ಣ ಅಲೆಕ್ಸಾಂಡರ್ ಬೆಂಕೆಂಡಾರ್ಫ್ ಮುಂದೆ ತ್ಸಾರ್‌ನ ಗುಪ್ತ ಪೊಲೀಸ್ ಪಡೆಯ ಮುಖ್ಯಸ್ಥನಾದ. ನೃತ್ಯ ಮತ್ತು ಬೇಹುಗಾರಿಕೆ ಒಂದೇ ಕೋಣೆಯಲ್ಲಿದ್ದವು ಅನ್ನುವುದಕ್ಕೆ ಇವಳೇ ಸಾಕ್ಷಿ.

ಮದುವೆಯ ಕಾನೂನು ಚಿಕ್ಕದಾಗಿ: 1753ರ ಕಾಯ್ದೆಯಂತೆ ಲೈಸೆನ್ಸ್ ಪಡೆದು ಮದುವೆಯಾಗಲು 21 ತುಂಬದವರಿಗೆ ಅಪ್ಪನ ಒಪ್ಪಿಗೆ ಬೇಕು. ಇಲ್ಲದಿದ್ದರೆ ಮದುವೆಯ ವಿಷಯವನ್ನು ಮೂರು ಭಾನುವಾರ ಚರ್ಚಿನಲ್ಲಿ ಕೂಗಿ ಹೇಳಬೇಕು. ಸ್ಕಾಟ್ಲೆಂಡಿಗೆ ಆ ಕಾಯ್ದೆ ಇಲ್ಲ, ಅದಕ್ಕೇ ಪ್ರೇಮಿಗಳು ಗಡಿಯ ಗ್ರೆಟ್ನಾ ಗ್ರೀನ್‌ಗೆ ಓಡುತ್ತಿದ್ದರು. ಗುಟ್ಟು ತಿಳಿದ ಮಗಳನ್ನು ಬೇರೆ ಮನೆಗೆ ಕಳಿಸಲು ಅಪ್ಪ ಹೆದರುತ್ತಾನೆ ಎಂದರೆ ಒಪ್ಪಿಗೆಯ ಪ್ರಶ್ನೆಗೂ ಬೇಹುಗಾರಿಕೆಯ ಬಣ್ಣ ಬರುತ್ತದೆ.

ಐದನೇ ಹೆಜ್ಜೆ: ಕಾಗದ ಬಿಚ್ಚುವ ದೃಶ್ಯ ಬರೆಯಿರಿ

ಎಲ್ಲಕ್ಕಿಂತ ಮೊದಲು ಈ ದೃಶ್ಯ ಬರೆದುಬಿಡಿ. ಇದು ಕೂತರೆ ಪುಸ್ತಕ ಕೂರುತ್ತದೆ. ಒಂದು ಮಾದರಿ:

ಅರಗಿನ ಮೇಲೆ ನರಿಯ ತಲೆ ಒತ್ತಿತ್ತು. ಅವಳು ಅದನ್ನು ಮೇಣದಬತ್ತಿಯ ಕಡೆಗೆ ತಿರುಗಿಸಿದಳು. ಬಲಗಿವಿಯ ಹತ್ತಿರ ಕೂದಲೆಳೆಯಷ್ಟು ಗೀರು. ಹಿಂದಿನ ಕಾಗದಗಳಲ್ಲೂ ಅದೇ ಗೀರು. ಉಂಗುರ ಇನ್ನೂ ಅವನ ಬೆರಳಲ್ಲೇ ಇದೆ. ತೆಳು ಅಲಗನ್ನು ಬಿಸಿ ಮಾಡಿ ಅರಗಿನ ಅಡಿಗೆ ತೂರಿಸಿದಳು. ಹಾಳೆ ಸದ್ದಿಲ್ಲದೆ ಬಿಚ್ಚಿಕೊಂಡಿತು.

"ಓದಮ್ಮ," ಅಪ್ಪ ಕಣ್ಣು ಮುಚ್ಚಿ ಕೂತಿದ್ದರು.

ಅವಳು ಓದಿದಳು. ಹಿಮದ ವಿಷಯ. ಕುದುರೆಯ ಕಾಲು ನೋವಿನ ವಿಷಯ. ಆಮೇಲೆ ಒಂದು ಸಾಲು: ನಿನ್ನೆ ರಾತ್ರಿ ಒಬ್ಬಳ ಜೊತೆ ನೃತ್ಯ ಮಾಡಿದೆ, ನಾನು ಹೇಳುವ ಮುಂಚೆಯೇ ಅವಳಿಗೆ ಎಲ್ಲ ಗೊತ್ತಿರುವ ಹಾಗೆ ಕೇಳಿಸಿಕೊಂಡಳು.

"ಯಾಕೆ ನಿಲ್ಲಿಸಿದೆ?"

"ಅಕ್ಷರ ಕಲಸಿದೆ ಅಪ್ಪ. ಬತ್ತಿ ಹತ್ತಿರ ತಗೊಳ್ತೀನಿ."

ಇಷ್ಟೇ. ಉದ್ದ ಬೇಡ. ಈ ಸಾಲು ಅಪ್ಪನಿಗೆ ಗೊತ್ತಾದರೆ ಮಗಳು ಸಿಕ್ಕಿಬೀಳುತ್ತಾಳೆ. ನಕಲಿನಲ್ಲಿ ಬಿಟ್ಟರೆ ಅವಳು ಕಚೇರಿಗೆ ದ್ರೋಹ ಮಾಡಿದಂತೆ. ಅವನಿಗೆ ಅನುಮಾನ ಶುರುವಾಗಿದೆ ಎಂಬುದೂ ಅವಳಿಗೆ ಈಗಷ್ಟೇ ತಿಳಿಯಿತು. ಮೂರೂ ಒಂದೇ ಸಾಲಿನಲ್ಲಿ.

ಗುಪ್ತಲಿಪಿ ಸೇರಿಸುವುದಾದರೆ ಜಾರ್ಜ್ ಸ್ಕೋವೆಲ್ ಮಾಡಿದ್ದನ್ನು ನೋಡಿ. ವೆಲ್ಲಿಂಗ್ಟನ್‌ನ ಈ ಅಧಿಕಾರಿ 1812ರಲ್ಲಿ ಫ್ರೆಂಚರ ದೊಡ್ಡ ಗುಪ್ತಲಿಪಿಯನ್ನು ಒಡೆದ. ಅದರಲ್ಲಿ ಸುಮಾರು 1400 ಅಂಕಿಗಳಿದ್ದವು. ಅವನಿಗೆ ನೆರವಾದದ್ದು ಫ್ರೆಂಚರ ಸೋಮಾರಿತನ. ಪೂರ್ತಿ ಕಾಗದವನ್ನು ಅಂಕಿಗೆ ತಿರುಗಿಸದೆ ಮುಖ್ಯ ಪದಗಳನ್ನಷ್ಟೇ ಮರೆಮಾಡುತ್ತಿದ್ದರು. ನಾನೇ ಕಟ್ಟಿದ ಉದಾಹರಣೆ: "ಮಾರ್ಷಲ್‌ರ 1207 ಈ ವಾರ 516 ದಾಟಿ ದಕ್ಷಿಣಕ್ಕೆ ಬರಲಿದೆ." ದಾಟಿ ಎಂದಮೇಲೆ 516 ನದಿಯೋ ಗಡಿಯೋ ಆಗಿರಬೇಕು. ಬರಲಿದೆ ಎಂದರೆ 1207 ಮನುಷ್ಯನಲ್ಲ, ಸೈನ್ಯ. ಓದುಗರೂ ನಾಯಕಿಯ ಜೊತೆ ತಲೆ ಕೆಡಿಸಿಕೊಳ್ಳುವ ಹಾಗೆ ಇಂಥ ಒಂದೆರಡು ಸಾಲು ಕೊಡಿ. ಅದಕ್ಕಿಂತ ಜಾಸ್ತಿ ಬೇಡ.

ಆರನೇ ಹೆಜ್ಜೆ: ನಿಜವಾದ ಘಟನೆಗಳಿಗೆ ಕಥೆಯನ್ನು ಕಟ್ಟಿಹಾಕಿ

ದೊಡ್ಡ ಘಟನೆಗಳು ಬರೀ ಹಿನ್ನೆಲೆಯಾದರೆ ಕ್ಯಾಲೆಂಡರ್ ಓದಿದ ಹಾಗಾಗುತ್ತದೆ. ಒಂದೊಂದು ಘಟನೆಯಲ್ಲೂ ಇಬ್ಬರ ನಡುವೆ ಏನಾದರೂ ಬದಲಾಗಬೇಕು.

ಹೆಪ್ಪುಗಟ್ಟಿದ ಥೇಮ್ಸ್ ಮೇಲಿನ ಜಾತ್ರೆ ಭೇಟಿಗೆ ಒಳ್ಳೆಯ ಜಾಗ. ಲಂಡನ್ ಸೇತುವೆಗೂ ಬ್ಲ್ಯಾಕ್‌ಫ್ರಯರ್ಸ್ ಸೇತುವೆಗೂ ನಡುವೆ ಮಂಜುಗಡ್ಡೆಯ ಮೇಲೆ ಅಂಗಡಿ, ಮದ್ಯದ ಡೇರೆ, ಅಚ್ಚಿನ ಯಂತ್ರ ಕೂಡ ಇದ್ದವು. ಅಲ್ಲಿ ಮೇಲುಕೀಳು ಇಲ್ಲದೆ ಎಲ್ಲರೂ ಬೆರೆತರು. ಗುಮಾಸ್ತನ ಮಗಳೂ ಸೇನಾಧಿಕಾರಿಯೂ ಅಕ್ಕಪಕ್ಕ ನಿಂತರೆ ಯಾರೂ ತಿರುಗಿ ನೋಡುವುದಿಲ್ಲ. ಕೆಲವೇ ದಿನಕ್ಕೆ ಮಂಜು ಬಿರುಕು ಬಿಟ್ಟಿತು.

ಫೆಬ್ರವರಿ 21ರ ಮೋಸ ಇನ್ನೂ ದೊಡ್ಡ ಗಣಿ. ಮಧ್ಯರಾತ್ರಿ ಕಳೆದ ಮೇಲೆ ಸಮವಸ್ತ್ರ ತೊಟ್ಟ ಒಬ್ಬ ಡೋವರ್‌ನ ಹೋಟೆಲಿನ ಬಾಗಿಲು ಬಡಿದ. ರಷ್ಯಾದ ಕುದುರೆ ಸವಾರರಾದ ಕೊಸಾಕರು ನೆಪೋಲಿಯನ್‌ನನ್ನು ಕೊಂದರು ಎಂದ. ಡೀಲ್‌ನಲ್ಲಿದ್ದ ಅಡ್ಮಿರಲ್‌ಗೆ ಕಾಗದ ಕಳಿಸಿದ. ಅಲ್ಲಿಂದ ಲಂಡನ್ನಿಗೆ ಬೆಟ್ಟದಿಂದ ಬೆಟ್ಟಕ್ಕೆ ಸುದ್ದಿ ದಾಟಿಸುವ ಟೆಲಿಗ್ರಾಫ್ ಇತ್ತು. ಆರು ಹಲಗೆಗಳನ್ನು ತೆರೆದು ಮುಚ್ಚಿ ಗುರುತು ತೋರಿಸುವ ಚೌಕಟ್ಟು ಅದು. ಆದರೆ ಅಂದು ಕಾವಳ ಕವಿದಿತ್ತು, ಏನೂ ಕಾಣಲಿಲ್ಲ. ಆದರೂ ಸುಳ್ಳು ಕುದುರೆಗಾಡಿಯಲ್ಲಿ ಲಂಡನ್ ಸೇರಿತು. ಸರ್ಕಾರಿ ಸಾಲಪತ್ರಗಳ ಬೆಲೆ ಏರಿತು, ಮಧ್ಯಾಹ್ನದ ಹೊತ್ತಿಗೆ ಬಿತ್ತು. ನೌಕಾಪಡೆಯ ವೀರ ಲಾರ್ಡ್ ಕಾಕ್ರೇನ್‌ಗೆ ಈ ಕೇಸಿನಲ್ಲಿ ಶಿಕ್ಷೆಯಾಯಿತು. ತಾನು ಮಾಡಿಲ್ಲ ಎಂದು ಅವನು ಕೊನೆವರೆಗೂ ಹೇಳಿದ.

ನಮ್ಮ ಕಥೆಯಲ್ಲಿ ಆ ಬೆಳಗ್ಗೆ ನಾಯಕಿಯ ಕೈಯಲ್ಲಿ ಪ್ಯಾರಿಸ್‌ನಿಂದ ಬಂದ ತಾಜಾ ಕಾಗದವಿದೆ. ನೆಪೋಲಿಯನ್ ಬದುಕಿದ್ದಾನೆ ಎಂದು ಅವಳಿಗೆ ಗೊತ್ತು. ನಾಯಕನ ಅಣ್ಣ ಮನೆಮಾರು ಅಡವಿಟ್ಟು ಸಾಲಪತ್ರ ಕೊಳ್ಳಲು ಹೊರಟಿದ್ದಾನೆ. ಬಾಯಿ ಬಿಟ್ಟರೆ ಆ ಕುಟುಂಬ ಉಳಿಯುತ್ತದೆ, ಆದರೆ ಅವಳಿಗೆ ಹೇಗೆ ಗೊತ್ತಾಯಿತು ಎಂದು ಕೇಳುತ್ತಾರೆ. ಕಾದಂಬರಿಯ ನಟ್ಟನಡುವೆ ಇಡಬೇಕಾದ ದೃಶ್ಯ ಇದು. ಅವಳು ಹೇಳಲಿ. ಅಲ್ಲಿಂದಾಚೆಗಿನ ಅರ್ಧ ಪುಸ್ತಕ ಆ ಮಾತಿನ ಬೆಲೆ ತೆರುವುದರ ಬಗ್ಗೆ.

ಏಳನೇ ಹೆಜ್ಜೆ: ಕನ್ನಡದಲ್ಲಿ ಮಾತಾಡಿಸಿ

ಕನ್ನಡದಲ್ಲಿ ಬರೆಯುವಾಗ ನೀವು, ನೀನು ಯಾವಾಗ ಬರಬೇಕೆಂದು ಮೊದಲೇ ತೀರ್ಮಾನಿಸಿ. ಇಬ್ಬರೂ "ನೀವು" ಎಂದೇ ಶುರುಮಾಡಲಿ. "ಮಿಸ್" ಎಂದು ಮನೆತನದ ಹೆಸರು ಸೇರಿಸಿ ಕರೆಯಲಿ. ಮೊದಲ ಸಲ ಬರೀ ಹೆಸರು ಹಿಡಿದು ಕರೆದ ಕ್ಷಣ, "ನೀನು" ಎಂದು ಬಾಯಿ ತಪ್ಪಿ ಬಂದ ಕ್ಷಣ, ಅದೊಂದು ಘಟನೆ. ಅದನ್ನು ಕಾಗದದಲ್ಲಿ ತನ್ನಿ, ಅದೂ ಅಪ್ಪನಿಗೆ ಓದಿ ಹೇಳಬೇಕಾದ ಕಾಗದದಲ್ಲಿ.

ಇನ್ನೊಂದು ತೊಡಕು ಇದೆ. ಹೆಸರಿಲ್ಲದ ಗೂಢಚಾರ ಗಂಡೋ ಹೆಣ್ಣೋ ಎಂದು ಬಚ್ಚಿಡಬೇಕಾದರೆ ನಮ್ಮ ಕ್ರಿಯಾಪದ ಅದನ್ನು ಬಿಟ್ಟುಕೊಡುತ್ತದೆ. "ಬಂದ", "ಬಂದಳು" ಎಂದ ತಕ್ಷಣ ಗುಟ್ಟು ರಟ್ಟು. "ಬಂದರು" ಎಂದು ಗೌರವದಲ್ಲಿ ಬರೆಯಿರಿ, ಇಲ್ಲವೇ ಆ ಪಾತ್ರದ ಕಾಗದವನ್ನೇ "ನಾನು" ಎಂದು ಕೊಡಿ.

ಸಂಭಾಷಣೆ ಗ್ರಾಂಥಿಕ ಆಗದಿರಲಿ. ರಾಜಮಹಲಿನ ನಾಟಕದ ಕನ್ನಡ ಬೇಡ. ಮರ್ಯಾದಸ್ಥ ಮನೆಯವರು ಅಳೆದು ತೂಗಿ ಮಾತಾಡುವ ಕನ್ನಡ ಸಾಕು. ಡೀಲ್‌ನ ದೋಣಿಯವರಿಗೆ ಯಾವುದೋ ಒಂದು ಊರಿನ ಕನ್ನಡ ಹಚ್ಚಿದರೆ ಓದುಗರಿಗೆ ಇಂಗ್ಲೆಂಡ್ ಮರೆತುಹೋಗುತ್ತದೆ. ವಾಕ್ಯ ಗಿಡ್ಡ ಮಾಡಿ, ಒರಟು ಮಾಡಿ, ಅಷ್ಟೇ.

ಎಂಟನೇ ಹೆಜ್ಜೆ: ಮುಕ್ತಾಯ ಮತ್ತು ತಿದ್ದುವಿಕೆ

ಪ್ರೇಮಕಾದಂಬರಿಯ ಓದುಗರಿಗೆ ಕೊನೆಗೆ ಇಬ್ಬರೂ ಒಂದಾಗಬೇಕು. ಆ ನಂಬಿಕೆ ಮುರಿಯಬೇಡಿ. ಆದರೆ ಯಾರೋ ದೊಡ್ಡವರು ಬಂದು ಕ್ಷಮಿಸಿ ಎಲ್ಲ ಸರಿಮಾಡುವ ಮುಕ್ತಾಯವೂ ಬೇಡ. ಕಾಗದಗಳನ್ನು ಓದುತ್ತಿದ್ದವಳು ತಾನೇ ಎಂದು ಅವಳು ಅವನಿಗೆ ಹೇಳಬೇಕು, ಅವನು ಕೋಪ ಮಾಡಿಕೊಳ್ಳಬೇಕು, ಆ ಕೋಪಕ್ಕೆ ಪುಟಗಳನ್ನು ಕೊಡಬೇಕು. ಆಮೇಲೆ ಅವನು ಒಂದು ಕಾಗದ ಬರೆಯಲಿ. ಅರಗು ಹಾಕದೆ, ಮಡಚಿ, ಅವಳ ಹೆಸರಿಗೆ.

ತಿದ್ದುವಾಗ ಕಾಲಕ್ಕೆ ಹೊಂದದ ಸಾಮಾನುಗಳನ್ನು ಹುಡುಕಿ ತೆಗೆಯಿರಿ. ಅಂಚೆಚೀಟಿ ಬಂದಿದ್ದು 1840ರಲ್ಲಿ. ಗೀರಿದರೆ ಹೊತ್ತುವ ಬೆಂಕಿಕಡ್ಡಿ 1820ರ ದಶಕದ ಕೊನೆಗೆ. ಲಂಡನ್ ಪೊಲೀಸ್ ಪಡೆ 1829ಕ್ಕೆ, ಅದಕ್ಕೂ ಮುಂಚೆ ಬೋ ಸ್ಟ್ರೀಟ್‌ನ ರನ್ನರ್‌ಗಳು ಎಂಬ ಪತ್ತೇದಾರರಿದ್ದರು. ಪ್ರಯಾಣಿಕರ ರೈಲು ಇಲ್ಲ. ಗ್ಯಾಸ್ ದೀಪ ಕೆಲವು ಬೀದಿಗಳಲ್ಲಷ್ಟೇ, ಮನೆಯೊಳಗೆ ಮೇಣದಬತ್ತಿಯೇ. ಕುದುರೆಯ ವೇಗ ಕೂಡ ಲೆಕ್ಕ ಹಾಕಿ: ವಾಟರ್ಲೂ ಗೆದ್ದ ಸುದ್ದಿ ಹೊತ್ತ ಹೆನ್ರಿ ಪರ್ಸಿ ಲಂಡನ್ ಮುಟ್ಟಿದ್ದು ಜೂನ್ 21ರ ರಾತ್ರಿ, ಯುದ್ಧ ಮುಗಿದ ಮೂರು ದಿನಕ್ಕೆ. ನಿಮ್ಮ ನಾಯಕ ಬ್ರಸೆಲ್ಸ್‌ನಿಂದ ಒಂದೇ ರಾತ್ರಿಯಲ್ಲಿ ಬಂದುಬಿಟ್ಟಿದ್ದರೆ ಆ ಅಧ್ಯಾಯವನ್ನು ಮತ್ತೆ ಬರೆಯಿರಿ.